ಐದನೆಯ ಗೇಟು

ಅಮ್ಮನ ಒಳ್ಳೆಯ ಫೋಟೋ ಒಂದಾದರೂ ಸಿಕ್ಕೀತೇನೋ ಎಂದು ಮಗಳು ಕಪಾಟಿನ ಕೆಳಗಿನ ಖಾನೆಯನ್ನು ಜಗ್ಗಿ ಎಳೆದಾಗ, ಹಳೆಯ ಲಕೋಟೆಗಳ ಅಡಿಯಿಂದ ಅಂಗೈಯಗಲದ ಬಿಳಿ ಹಲಗೆಯೊಂದು ಜಾರಿ ಬಂತು. ಮೈಯೆಲ್ಲ ಸಣ್ಣ ತೂತು. ನಡುವೆ ಹುಳುವಿನಂತೆ ಎರಡೂ ಬದಿ ಕಾಲಿರುವ ಕಪ್ಪು ಚಿಪ್. ಎರಡು ಗುಂಡಿ, ಎರಡು ಪುಟ್ಟ ದೀಪ, ಸೆಲ್ ಹಾಕುವ ಖಾಲಿ ಡಬ್ಬಿ.

ಹೊರಗಿನ ಕೋಣೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಮಸಣಕ್ಕೆ ಒಯ್ಯುವ ವಾಹನ ಬರಲು ಇನ್ನೂ ಅರ್ಧ ಗಂಟೆಯಿತ್ತು.

"ಏನೇ ಅದು?" ದೊಡ್ಡಮ್ಮ ಇಣುಕಿದರು. "ಕಾಲೇಜಿನ ಗುಜರಿ ಎಲ್ಲಾ ಬೇಕಿತ್ತು ನಿಮ್ಮಮ್ಮನಿಗೆ."

ಅಮ್ಮ ಏಳನೇ ಕ್ಲಾಸು ಓದಿದವಳು. ಇಪ್ಪತ್ತೆಂಟು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಮೇಜು ಒರೆಸಿ, ಸಾಮಾನು ಎತ್ತಿಟ್ಟವಳು. ಆದರೆ ಇದು ಗುಜರಿಯಂತಿರಲಿಲ್ಲ. ಒಂದೊಂದು ತಂತಿಯನ್ನೂ ಅಳೆದು ಕತ್ತರಿಸಿ, ತಿರುವಿನಲ್ಲಿ ನೆಟ್ಟಗೆ ಮಡಿಸಲಾಗಿತ್ತು. ಮಗಳು ಅದನ್ನು ಬಾಗಿಲ ಬಳಿ ಕೂತಿದ್ದ ಕಾಲೇಜಿನ ಮೇಷ್ಟ್ರಿಗೆ ತೋರಿಸಿದಳು.

ಅವರು ತಲೆ ತಗ್ಗಿಸಿದರು. "ಇನ್ನೊಂದು ಚಿಪ್ ಕೊಡ್ತೀನಿ ಅಂದಿದ್ದೆ. ಮರೆತುಬಿಟ್ಟೆ."

*

ಎರಡು ವರ್ಷದ ಹಿಂದೆ, ಕ್ಲಾಸು ಮುಗಿದ ಮೇಲೆ, ಮೇಜು ಒರೆಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದ್ದಳಂತೆ: "ಸರ್, ಒಂದಕ್ಕೆ ಒಂದು ಕೂಡೋದು ಈ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ?"

ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಅಷ್ಟೇ. ಯಾವುದಾದರೂ ಒಂದು ಗುಂಡಿ ಒತ್ತಿದರೆ ಬಲದ ದೀಪ ಹತ್ತಬೇಕು. ಎರಡೂ ಒತ್ತಿದರೆ, ಎರಡು ಎಂಬ ಅಂಕಿಯೇ ಇಲ್ಲದ್ದರಿಂದ, ಅದು ಆರಿ, ಕೈಯಲ್ಲಿ ಉಳಿದ ಒಂದಕ್ಕೆ ಎಡದ ದೀಪ ಹತ್ತಬೇಕು. ಕರೆಂಟನ್ನು ಬಿಡುವ, ತಡೆಯುವ ಗೇಟುಗಳು ಚಿಪ್ಪಿನೊಳಗೆ ಇರುವುದು ನಾಲ್ಕು. ಈ ಕೂಡುವ ಲೆಕ್ಕಕ್ಕೆ ಬೇಕಾದವು ಐದು. ಎರಡು ಚಿಪ್ ಇಲ್ಲದೆ ಆಗುವುದಿಲ್ಲ ಎಂದು ಹೇಳಿ, ಇದ್ದ ಒಂದನ್ನು ಅವಳ ಅಂಗೈಗೆ ಹಾಕಿದ್ದರು. ಅವಳು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೋದಳು. ಎರಡನೆಯದನ್ನು ಕೇಳಲು ಬರಲೇ ಇಲ್ಲ.

*

"ಎಡದ ದೀಪ ಉಲ್ಟಾ ಹಾಕಿಬಿಟ್ಟಿದ್ದಾರೆ, ಪಾಪ. ಹೀಗಿದ್ರೆ ಹತ್ತಲ್ಲ," ಎಂದು ಮೇಷ್ಟ್ರು ಅದನ್ನು ಕೀಳಲು ಬೆರಳು ಚಾಚಿದರು.

ಮಗಳು ಹಲಗೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅಮ್ಮನ ಕೈಯಲ್ಲಿ ಯಾವುದೂ ಸುಮ್ಮನೆ ಉಲ್ಟಾ ಆಗುತ್ತಿರಲಿಲ್ಲ.

"ಮೊದಲು ಒತ್ತಿ ನೋಡೋಣ ಸರ್."

ಟಾರ್ಚಿನ ಮೂರು ಸೆಲ್ ಬಿಚ್ಚಿ ಡಬ್ಬಿಗೆ ಹಾಕಿದಳು. ಒಂದು ಗುಂಡಿ ಒತ್ತಿದಳು. ಬಲದ ದೀಪ ಹತ್ತಿತು. ಇನ್ನೊಂದನ್ನು ಒತ್ತಿದಳು, ಆಗಲೂ ಅದೇ. ಎರಡನ್ನೂ ಒಟ್ಟಿಗೆ ಒತ್ತಿದಳು. ಬಲದ್ದು ಆರಿತು, ಎಡದ್ದು ಹತ್ತಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ತಂತಿಗಳ ಜಾಡು ಹಿಡಿದು ಹೋದರು.

"ಎರಡೂ ಒತ್ತಿದಾಗ ಮೊದಲನೇ ಗೇಟು ಸುಮ್ಮನಾಗುತ್ತೆ. ಅದು ಸುಮ್ಮನಾದಾಗಲೇ ಹತ್ತೋ ಹಾಗೆ ದೀಪ ತಿರುಗಿಸಿದ್ದಾರೆ. ಐದನೇ ಗೇಟು ಬೇಕೇ ಇಲ್ಲ. ನನಗೇ ಹೊಳೆದಿರಲಿಲ್ಲ ಕಣಮ್ಮ."

ಮಗಳು ಅಮ್ಮನ ಮುಖ ನೋಡಿದಳು. ಇದನ್ನು ಯಾವಾಗ ಮಾಡಿದಳು, ಯಾಕೆ ಹೇಳಲಿಲ್ಲ, ಮೊದಲ ಸಲ ಹತ್ತಿದಾಗ ಒಬ್ಬಳೇ ಕೂತು ನಕ್ಕಳೋ ಏನೋ.

ಹೊರಗೆ ವಾಹನ ಬಂದು ನಿಂತಿತು. ಡ್ರೈವರ್ ಎರಡು ಸಲ ಕರೆದ. ಯಾರೂ ಏಳಲಿಲ್ಲ. ದೊಡ್ಡಮ್ಮ ತಂಗಿಯ ಪಕ್ಕದಲ್ಲಿ ನೆಲಕ್ಕೆ ಕೂತು, ಹಲಗೆಯನ್ನು ಮಡಿಲಿಗೆ ಎಳೆದುಕೊಂಡು, ಎರಡು ಗುಂಡಿಗಳ ಮೇಲೂ ಹೆಬ್ಬೆರಳಿಟ್ಟು, ಉಸಿರು ಬಿಗಿಹಿಡಿದು ಒತ್ತಿದರು.