ಒಂಟಿ ಸೀನಿನ ಕಾರು

ನನ್ನ ಮೈದುನ ಗುರುರಾಜನ ಮದುವೆ ಒಂದು ವಾಲ್ವಿನ ದೆಸೆಯಿಂದ ತಪ್ಪಿಹೋಗುವುದರಲ್ಲಿತ್ತು ಎಂದರೆ ಐಮಂಗಲದ ನನ್ನ ತವರಿನವರು ಇವತ್ತಿಗೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಹುಡುಗಿ ಬಿಂದು ನನ್ನ ಚಿಕ್ಕಪ್ಪನ ಮಗಳು. ಸಂಬಂಧ ಕುದುರಿಸಿದವಳು ನಾನು. ಮುರಿದಿದ್ದರೆ ಎರಡೂ ಮನೆಯಲ್ಲಿ ಬೈಸಿಕೊಳ್ಳುವವಳೂ ನಾನೇ.

ನಮ್ಮ ಮಾವ ಶಿವಕುಮಾರಪ್ಪನವರು ನಮ್ಮೂರು ಬಾಗೂರಿಗೆಲ್ಲ ಬುದ್ಧಿ ಹೇಳುವ ಮನುಷ್ಯ. ಆದರೆ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಮುಗಿಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕುಡಿದು ಕೂರುತ್ತಾರೆ. ಸಣ್ಣ ಕೆಲಸವಾದರೆ ಸ್ವಲ್ಪ ಹೊತ್ತು ಬಿಟ್ಟು ಹೊರಟಾರು. ಶುಭಕಾರ್ಯವಾದರೆ ಆ ದಿನವೇ ರದ್ದು. ಜೋಡಿ ಸೀನಿಗೆ ಮಾತ್ರ ದೋಷವಿಲ್ಲವಂತೆ.

ಗುರುರಾಜನದು ಟರ್ಬೊ ಕಾರು. ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಆ ಒತ್ತಿದ ಗಾಳಿಗೆ ಒಂದು ದಾರಿ ಬೇಕು. ದಾರಿ ತೆರೆಯುವುದೇ ಬ್ಲೋ ಆಫ್ ವಾಲ್ವ್. ಕಾರಿನ ಜೊತೆ ಬಂದಿದ್ದ ವಾಲ್ವ್ ಗಾಳಿಯನ್ನು ಸದ್ದಿಲ್ಲದೆ ಕೊಳವೆಯೊಳಕ್ಕೇ ವಾಪಸು ಬಿಡುತ್ತಿತ್ತು. ಅದರೊಳಗಿನ ರಬ್ಬರು ಹರಿದಾಗ ಇವನು ಅಂಥದನ್ನೇ ಹಾಕಿಸಬಹುದಿತ್ತು. ಚಿತ್ರದುರ್ಗದ ಮೆಕ್ಯಾನಿಕ್ ಮಾರುತೇಶ್ ಗಾಳಿಯನ್ನು ನೇರ ಬೀದಿಗೆ ಉಗಿಯುವ ನೀಲಿ ವಾಲ್ವೊಂದನ್ನು ತೋರಿಸಿದ. ಗುರುರಾಜ ಅದಕ್ಕೆ ಮರುಳಾದ. ಅಂದಿನಿಂದ ಕಾಲು ತೆಗೆದಾಗಲೆಲ್ಲ ಕಾರು 'ಆಕ್ಷೀ' ಎನ್ನತೊಡಗಿತು, ಇವನು ಕೆಲಸವಿರಲಿ ಇಲ್ಲದಿರಲಿ ಹೊಸದುರ್ಗದ ತುಂಬ ಅದನ್ನು ಸೀನಿಸಿಕೊಂಡು ತಿರುಗಿದ.

ನಮ್ಮ ಮನೆ ಇರುವುದು ತಗ್ಗಿನಲ್ಲಿ. ಟಾರು ರಸ್ತೆಗೆ ಏರಲು ಆಕ್ಸಿಲರೇಟರ್ ಒತ್ತಲೇಬೇಕು, ಏರಿದ ಮೇಲೆ ಕಾಲು ತೆಗೆಯಲೇಬೇಕು. ಐಮಂಗಲಕ್ಕೆ ಹೆಣ್ಣು ನೋಡಲು ಹೊರಟ ದಿನ ಮಾವ, ಅತ್ತೆ ದಾಕ್ಷಾಯಣಮ್ಮ, ನಾನು, ಹಣ್ಣಿನ ಬುಟ್ಟಿ ಎಲ್ಲವನ್ನೂ ಹೊತ್ತ ಕಾರು ದಿಬ್ಬ ಏರಿ, ಸರಿಯಾಗಿ ರಸ್ತೆ ಮುಟ್ಟುವಾಗ ಸೀನಿತು. ಹಿಂದಕ್ಕೆ ತಿರುಗಿಸು ಎಂದರು ಮಾವ. ಅದು ಸೀನಲ್ಲ, ಬರೀ ಗಾಳಿ ಎಂದು ಗುರುರಾಜ ಗೋಗರೆದ. ಸೀನು ಅಂದರೂ ಗಾಳಿಯೇ ಅಲ್ಲವೇನೋ ಎಂದು ಅವರು ಕೇಳಿದರು. ಗುರುರಾಜ ಕಾರು ತಿರುಗಿಸಿದ.

ಮುಂದಿನ ವಾರವೂ ಅದೇ ಕಥೆ. ಬಸ್ಸಿಗೆ ಹೋಗೋಣ ಎಂದೆ. ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಬೀಗರ ಊರಿಗೆ ಬಸ್ಸಿನಲ್ಲಿ ಇಳಿಯುವುದು ಮಾವನ ಘನತೆಗೆ ಒಗ್ಗಲಿಲ್ಲ.

ಆಗ ಚಿಕ್ಕಪ್ಪ ಫೋನು ಮಾಡಿದರು. ಈ ಭಾನುವಾರವೂ ಬರದಿದ್ದರೆ ಹೊಳಲ್ಕೆರೆಯ ಗಂಡಿನ ಕಡೆಯವರಿಗೆ ಹೂಂ ಎನ್ನುತ್ತೇನೆ ಎಂದರು. ಬಿಂದು ಸಿರಿಗೆರೆಯ ಕಾಲೇಜಿನ ದಿನಗಳಿಂದ ಗುರುರಾಜನನ್ನು ಬಲ್ಲವಳು. ನಿಮ್ಮ ಕಾರಿಗೆ ಒಂದು ಲೋಟ ಕಷಾಯ ಕುಡಿಸ್ರಿ ಎಂದು ಮೊದಲು ನಕ್ಕಳಂತೆ, ಆಮೇಲೆ ಅತ್ತಳಂತೆ. ಗುರುರಾಜ ತಲೆ ತಗ್ಗಿಸಿಕೊಂಡು ಇದನ್ನು ನನಗೆ ಹೇಳಿದ.

ಶನಿವಾರ ಅವನನ್ನು ಮಾರುತೇಶನ ಹತ್ತಿರ ನಾನೇ ಎಳೆದುಕೊಂಡು ಹೋದೆ. ಅಲ್ಲಿ ಈ ಮಹಾಶಯ ಕೇಳಿದ್ದೇನು? ಜೋಡಿ ಸೀನು ಸೀನುವ ವಾಲ್ವ್ ಇದೆಯೇ ಎಂದು! ಮಾರುತೇಶ್ ಯಾವ ಗಿರಾಕಿಗೂ ಇಲ್ಲ ಎಂದವನಲ್ಲ. ಅರ್ಧ ಗಾಳಿ ಒಳಗೆ, ಅರ್ಧ ಹೊರಗೆ ಬಿಡುವ ಇನ್ನೊಂದನ್ನು ತಂದು ಕೂರಿಸಿದ. ಹೊಳಲ್ಕೆರೆ ರಸ್ತೆಯಲ್ಲಿ ಓಡಿಸಿ ನೋಡಿದೆವು. ಸ್ಪ್ರಿಂಗ್ ಸಡಿಲ ಮಾಡಿದರೆ ಉದ್ದನೆಯ ಒಂದೇ ಸೀನು. ಬಿಗಿ ಮಾಡಿದರೆ ಗಾಳಿ ಒಳಗೇ ತಡವರಿಸಿ 'ತುತುತುತು' ಎಂದು ನಾಯಿಕೆಮ್ಮು. ಇನ್ನು ಒಂದೇ ಒಂದು ಸುತ್ತು ತಿರುಗಿಸಿದರೆ ಎರಡಕ್ಕೆ ನಿಲ್ಲುತ್ತದೆ ಎಂದು ಮಾರುತೇಶ್ ಆಣೆ ಮಾಡಿದ. ಮೂರಾಯಿತು.

ನನಗೆ ರೇಗಿಹೋಯಿತು. "ಗುರು, ನಿಂಗೆ ಸದ್ದು ಬೇಕೋ ಬಿಂದು ಬೇಕೋ, ಇಲ್ಲೇ ಹೇಳು" ಎಂದೆ.

ಅವನು ಬಿಚ್ಚಿಟ್ಟಿದ್ದ ನೀಲಿ ವಾಲ್ವನ್ನು ಅಂಗಿಯ ತುದಿಯಿಂದ ಒರೆಸಿದ. "ಹಳೇ ನಮೂನೇದೇ ಹಾಕಪ್ಪ. ಸದ್ದು ಬರಬಾರ್ದು" ಎಂದ.

ಊರಿಗೆ ಬಂದ ಮೇಲೆ ನೀಲಿ ವಾಲ್ವ್ ಜಗಲಿಯ ಗೂಡು ಸೇರಿತು. ಸಂಜೆ ಮಾವ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ಯಾಕೆ ಬಿಚ್ಚಿಸ್ದ, ದಿವ್ಯಾ? ಆಸೆಪಟ್ಟು ತಂದಿದ್ದನಲ್ಲ."

ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ, ಬಿಂದು ಅತ್ತದ್ದನ್ನೂ ಸೇರಿಸಿ. ಕಾರು ಇನ್ನು ಸೀನಲಾರದು ಎಂದೆ. ಅವರು ವಾಲ್ವನ್ನು ಗೂಡಿನಲ್ಲಿಟ್ಟು ಒಳಗೆ ಹೋದರು.

ಭಾನುವಾರ ಕಾರು ದಿಬ್ಬ ಏರಿತು. ರಸ್ತೆ ಮುಟ್ಟಿತು. ಗುರುರಾಜ ಕಾಲು ತೆಗೆದ. ಒಂದು ಚೂರೂ ಸದ್ದಿಲ್ಲ. ಅತ್ತೆ ಸಮಾಧಾನದಿಂದ ಮಡಿಲಿನ ಮಲ್ಲಿಗೆ ದಂಡೆಯ ಪೊಟ್ಟಣ ಬಿಚ್ಚಿದರು. ಆ ಘಮ ಮುಂದಿನ ಸೀಟಿಗೆ ಹೋಯಿತೋ ಇಲ್ಲವೋ, ಕಿಟಕಿ ಗಾಜು ನಡುಗುವಂತೆ ಮಾವ ಸೀನಿದರು.

ಎಲ್ಲರೂ ಇನ್ನೊಂದಕ್ಕಾಗಿ ಕಾದೆವು. ಬರಲಿಲ್ಲ. ಗುರುರಾಜ ಕಾರು ನಿಲ್ಲಿಸಿ ರಿವರ್ಸ್ ಗೇರ್ ಹಾಕಿದ. ನಾನು ಕಣ್ಣು ಮುಚ್ಚಿಕೊಂಡೆ.

"ಯಾಕ್ಲೇ ನಿಲ್ಲಿಸ್ದೆ?" ಎಂದರು ಮಾವ.

"ನೀವು ಸೀನಿದ್ರಲ್ಲಪ್ಪ."

"ನಾನೆಲ್ಲಿ ಸೀನ್ದೆ? ನಿನ್ನ ಕಾರು ಅದು, ಗಾಳಿ ಬಿಡ್ತು. ನಡಿ ಹೋಗಾಣ, ಆ ಹುಡ್ಗಿ ಕಾಯ್ತಾ ಇರ್ತಾಳೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನೋಡತೊಡಗಿದರು. ಹಿರಿಯೂರು ಬರುವವರೆಗೂ ಮಾವ ಯಾರಿಗೂ ಕಾಣದಂತೆ ಟವೆಲ್ಲಿನ ಚುಂಗನ್ನು ಮೂಗಿಗೆ ಆಡಿಸುತ್ತಿದ್ದರು, ಹೇಗಾದರೂ ಇನ್ನೊಂದು ಬರಲಿ ಎಂದು. ಹಿಂದೆ ಕೂತಿದ್ದ ನನಗೆ ಕಾಣುತ್ತಿತ್ತು. ಬರಲೇ ಇಲ್ಲ. ಆದರೂ ಅವರು ಕಾರು ತಿರುಗಿಸು ಎನ್ನಲಿಲ್ಲ.