ದುಪ್ಪಟಿಯ ಮೂಲೆ

"ನೀನ್ ಬಿಡು ಜ್ಞಾನಿ, ನಾವ್ ಎತ್ತುತೀವಿ" ಎನ್ನುತ್ತ ಸಗಾಯಮ್ಮ ಹೆಣದ ಭುಜದ ಕೆಳಗೆ ಕೈ ತೂರಿಸಿದಳು. ಇನ್ನೊಬ್ಬಳು ಸೊಂಟಕ್ಕೆ ಕೈ ಕೊಟ್ಟಳು, ಮತ್ತೊಬ್ಬಳು ಕಾಲಿಗೆ.

ಜ್ಞಾನಮ್ಮ ಬಿಡಲಿಲ್ಲ. ಹಾಸಿಗೆ ಹಿಡಿದ ಅಕ್ಕನನ್ನು ಇಷ್ಟು ವರ್ಷ ಒಬ್ಬಳೇ ಎತ್ತಿ, ತೊಳೆದು, ಮಗ್ಗುಲು ಬದಲಿಸಿದವಳು ಅವಳು. ಒಂದು ದಿನವೂ ಬಂದು ಕೈ ಜೋಡಿಸಿದವರಿಲ್ಲ. ಇವತ್ತು ಹೆಣ ಎತ್ತಲು ಹೂಡಿ ಊರಿನ ಅರ್ಧ ಕೇರಿಯೇ ನಿಂತಿತ್ತು.

ಸ್ನಾನ ಮಾಡಿಸಿ, ಬಿಳಿ ಸೀರೆ ಉಡಿಸಿ, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿ, ಗಲ್ಲಕ್ಕೊಂದು ಬಟ್ಟೆ ಬಿಗಿದು, ಕೈಗೆ ಜಪಸರ ಸುತ್ತಿ ಆರೋಗ್ಯಮ್ಮನನ್ನು ನಡುಮನೆಯಲ್ಲಿ ಮಲಗಿಸಿದರು. ಮೇಲೆ ಅವಳ ಹಳೆಯ ದುಪ್ಪಟಿ ಹೊದಿಸಿದರು. ಅದು ತನ್ನ ಜೊತೆಗೇ ಬರಬೇಕೆಂದು ಅವಳೇ ಹೇಳಿಟ್ಟಿದ್ದಳು. ದುಪ್ಪಟಿಯ ಒಂದು ಮೂಲೆಯಲ್ಲಿ ಸಡಿಲವಾದ ಗಂಟು. ಇನ್ನೊಂದು ಮೂಲೆಯಲ್ಲಿ ಹಳೆಯದೊಂದು, ಒಗೆದು ಒಗೆದು ಹುಣಸೆಬೀಜದಂತೆ ಗಟ್ಟಿಯಾದದ್ದು.

"ಆ ಸಡಿಲ ಇರೋದು ನನ್ ಗಂಟು," ಎಂದ ಚೌರಪ್ಪ, ಬಾಗಿಲ ಬಳಿ ಕೂತು. "ನನ್ ಮಗ ಪೀಣ್ಯದಲ್ಲಿ ಪರ್ಮನೆಂಟ್ ಆಗ್ಲಿ ಅಂತ ಕೇಳ್ಕೊಂಡಿದ್ದೆ. ಬುಧವಾರದ ನೋವು ನಿನ್ ಮಗಂಗೆ ಅಂದಿದ್ಳು."

"ಬುಧವಾರ ನಿಂದೇ ಇರ್ಲಿ. ಜೀವ ಹೋಗಿದ್ದು ಗುರುವಾರ. ಗುರುವಾರ ನನ್ ಮಗಳ ಮದುವೆಗೆ ಅಂತ ಮಾತಾಗಿತ್ತು," ಎಂದಳು ಸಗಾಯಮ್ಮ. "ಕೊನೇ ನೋವು ನಮಗೇ ಸೇರ್ಬೇಕು ಚೌರಪ್ಪಣ್ಣ."

"ಗುರುವಾರ ಬೆಳಗ್ಗೇನೇ ಹೋಗ್ಬಿಟ್ಳಲ್ಲಮ್ಮ. ನಿನಗೆ ಎಷ್ಟು ಸಿಕ್ಕಿರುತ್ತೆ?"

"ಸಾಯೋ ನೋವು ಅಂದ್ರೆ ಕಮ್ಮೀನಾ?"

ಯಾರೋ ನಕ್ಕು ಅದನ್ನು ಕೆಮ್ಮಾಗಿ ಮುಚ್ಚಿಕೊಂಡರು. ಜ್ಞಾನಮ್ಮ ಮೇಣದ ಬತ್ತಿಯ ಕುಡಿ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದಳು. ಅವಳಿಗೂ ಒಂದು ಲೆಕ್ಕ ಇತ್ತು. ಊರಿನವರೆಲ್ಲರ ಹೆಸರಿನಲ್ಲೂ ಗಂಟು ಹಾಕಿದ ಅಕ್ಕ ತಂಗಿಯ ಹೆಸರಿನಲ್ಲಿ ಒಂದೇ ಒಂದು ಹಾಕಿರಲಿಲ್ಲ.

* * *

ವೈಟ್‌ಫೀಲ್ಡ್ ರಸ್ತೆಯಲ್ಲಿ ಕಂಪನಿಯೊಂದರ ಕಟ್ಟಡ ಏಳುತ್ತಿದ್ದಾಗ ಆರೋಗ್ಯಮ್ಮ ಅಲ್ಲಿ ಗಾರೆ ಹೊರುತ್ತಿದ್ದಳು. ಸಾರುವೆ ಕುಸಿದು ಬಿದ್ದಳು. ಸೊಂಟದ ಕೆಳಗೆ ಸತ್ತುಹೋಯಿತು, ಬೆನ್ನಿನಲ್ಲಿ ಮಾತ್ರ ನೋವು ಉಳಿಯಿತು. ಜ್ಞಾನಮ್ಮ ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಕೂತಳು.

ಯಾಕೆ ದೇವರು ಹೀಗೆ ಮಾಡಿದ ಎಂದು ಅಕ್ಕ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಸತ್ಪ್ರಸಾದ ಕೊಡಲು ಬಂದ ಫಾದರ್ ಒಮ್ಮೆ ಮಂಚದ ಪಕ್ಕ ಕೂತು, "ಯಾಕೆ ಅಂತ ನನಗೂ ಗೊತ್ತಿಲ್ಲಮ್ಮ. ಆದ್ರೆ ಈ ನೋವನ್ನ ಸುಮ್ನೆ ಚೆಲ್ಲಬೇಡ. ಯೇಸುಸ್ವಾಮಿಯ ಶಿಲುಬೆ ಜೊತೆ ಸೇರಿಸಿ ಯಾರಿಗಾದ್ರೂ ಒಳ್ಳೇದಾಗ್ಲಿ ಅಂತ ಕೊಡು," ಎಂದರು.

ಅಂದಿನಿಂದ ಶುರುವಾಯಿತು. ಯಾರಾದರೂ ಬಂದು ಕಷ್ಟ ಹೇಳಿಕೊಂಡರೆ ಅಕ್ಕ ದುಪ್ಪಟಿಯ ಮೂಲೆಗೆ ಒಂದು ಗಂಟು ಹಾಕಿ, ನಾಳೆಯ ನೋವು ನಿಮಗೆ ಎನ್ನುವಳು. ಹಲ್ಲು ಕಚ್ಚಿಕೊಂಡು ಅವರ ಹೆಸರು ಹೇಳುತ್ತ ದಿನ ಕಳೆಯುವಳು. ಮರುದಿನ ಬೆಳಗ್ಗೆ ಅದನ್ನು ಬಿಚ್ಚುವುದು ಜ್ಞಾನಮ್ಮನ ಕೆಲಸ. ವರ್ತೂರಿನಿಂದಲೂ ಜನ ಬಂದರು. ಬಂದವರೆಲ್ಲ ಅಕ್ಕನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು, ಹೋಗುವಾಗ, "ಒಂದ್ ಲೋಟ ನೀರು ಕೊಡಮ್ಮ," ಎಂದು ಜ್ಞಾನಮ್ಮನಿಗೆ ಹೇಳುವರು.

ಒಂದು ಸಲ ಅವಳು ಫಾದರ್ ಹಿಂದೆಯೇ ಗೇಟಿನ ತನಕ ಹೋಗಿದ್ದಳು. "ಫಾದರ್, ಎತ್ತಿ ಎತ್ತಿ ನನಗೂ ಬೆನ್ನು ನೋವು. ಅದನ್ನೂ ಕೊಡಬಹುದಾ?"

"ಧಾರಾಳವಾಗಿ ಕೊಡಮ್ಮ," ಎಂದಿದ್ದರು ಅವರು, ಸ್ಕೂಟರ್ ಒದೆಯುತ್ತ.

ಕೊಡಬಹುದಿತ್ತು. ಆದರೆ ಕೇಳಲು ಯಾರೂ ಬರಲಿಲ್ಲ. ನೋವಿನಲ್ಲೂ ದೊಡ್ಡ ಪಾಲು ಅಕ್ಕನದೇ ಆಯಿತು.

* * *

ಹಿತ್ತಿಲಲ್ಲಿ ಪಕ್ಕದ ಮನೆಯ ಮುನಿಯಕ್ಕ ಮೂರು ಕಲ್ಲಿನ ಮೇಲೆ ಕಾಫಿಗೆ ಇಟ್ಟಿದ್ದಳು. ಸೊಪ್ಪು ಮಾರುವ ಹೆಂಗಸು. ಅವರ ಜಾತಿಯವಳಲ್ಲ, ಚರ್ಚಿನವಳೂ ಅಲ್ಲ. ಆದರೂ ದಿನಕ್ಕೊಮ್ಮೆ ಅಕ್ಕನ ಬಳಿ ಕೂತು ಹೋಗುವಳು.

"ಕುಡಿ ಜ್ಞಾನಿ. ನಿನ್ನೆಯಿಂದ ಒಟ್ಟೆಗೇನೂ ಆಕಿಲ್ಲ ನೀನು."

"ಒಳಗೆ ಕೇಳಿದ್ಯಾ ಮುನಿಯಕ್ಕ? ಹೆಣದ್ ಮುಂದೆ ಪಾಲು ಮಾಡ್ಕೊತಾವ್ರೆ." ಜ್ಞಾನಮ್ಮ ಲೋಟವನ್ನು ಕಲ್ಲಿನ ಪಕ್ಕ ಇಟ್ಟಳು. "ದಾರೀಲಿ ಹೋಗೋರಿಗೆಲ್ಲ ಕೊಟ್ಳು. ಉಚ್ಚೆ ಬಾಚಿದೋಳಿಗೆ ಒಂದು ದಿನ ಕೊಡೋಕಾಗ್ಲಿಲ್ಲ."

ಮುನಿಯಕ್ಕ ಸೌದೆಯನ್ನು ಒಳಕ್ಕೆ ತಳ್ಳಿದಳು. "ನಿಂದೂ ಐತಲ್ಲೇ. ಆ ಗಟ್ಟಿ ಗಂಟು."

"ಅದು ಅಮ್ಮನ ಆತ್ಮಕ್ಕೆ. ಮುಟ್ಟಬೇಡ ಅಂತಿದ್ಳು."

"ನಿಂಗೆ ಅಂಗೆ ಏಳವ್ಳೆ. ನಾನು ನಿಮ್ಮೋಳಲ್ವಲ್ಲ, ಅದ್ಕೆ ನನ್ನತ್ರ ಎಲ್ಲಾ ಏಳ್ಕೊಳೋಳು." ಅವಳು ದನಿ ತಗ್ಗಿಸಿದಳು. "ನೀನು ಬೋರಿಂದ ಬಿಂದಿಗೆ ಒತ್ಕೊಂಡು ಬರೋದನ್ನ ಕಿಟಕೀಲಿ ನೋಡೋಳು. 'ಅವ್ಳ ಕಾಲು ನೋಡಿದ್ರೆ ನಂಗೆ ಒಟ್ಟೆ ಉರೀತದೆ ಮುನಿಯಕ್ಕ. ಇವ್ಳೂ ಒಂದಿನ ಜಾರಿ ಬೀಳ್ಲಿ ಅಂತ ಅಂದ್ಕೊಂಡ್ಬಿಟ್ಟೆ. ಆವತ್ತು ಈ ಗಂಟು ಆಕ್ದೆ,' ಅಂದ್ಲು. ಮಿಕ್ಕೋರ್ದೆಲ್ಲ ಒಂದೊಂದ್ ದಿನದ್ದು ಕಣೆ. ಇದಕ್ಕೆ ದಿನಾ ಕೊಡೋಳು. ಆ ಉರಿ ಓಗ್ಲಿ ಅಂತ."

ಜ್ಞಾನಮ್ಮ ತಣ್ಣಗಾಗುತ್ತಿದ್ದ ಕಾಫಿಯನ್ನೇ ನೋಡಿದಳು. "ಹೋಯ್ತಾ?" ಎಂದಳು.

"ಓಗಿದ್ರೆ ನಿಂಗೇ ಬಿಚ್ಚು ಅಂತ ಏಳ್ತಿರ್ಲಿಲ್ವಾ?"

* * *

ಮಧ್ಯಾಹ್ನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮುಚ್ಚುವ ಮೊದಲು ಕಟ್ಟುಗಳನ್ನೆಲ್ಲ ಬಿಚ್ಚಬೇಕು, ಕಟ್ಟಿಹಾಕಿದವರನ್ನು ಮಣ್ಣಿಗೆ ಕಳಿಸಬಾರದು ಎಂಬುದು ಅವರ ಹಿರಿಯರಿಂದ ಬಂದ ಪದ್ಧತಿ. ಹೆಬ್ಬೆರಳಿನ ಬಟ್ಟೆ ಬಿಚ್ಚಿದರು. ಗಲ್ಲದ್ದು ಬಿಚ್ಚಿದರು. ಸಡಿಲ ಗಂಟಿಗೆ ಸಗಾಯಮ್ಮನೂ ಚೌರಪ್ಪನೂ ಒಟ್ಟಿಗೇ ಕೈ ಹಾಕಿದರು. ಪಕ್ಕದಲ್ಲಿ ಪ್ರಾರ್ಥನೆ ಓದುತ್ತಿದ್ದ ಫಾದರ್ ತಲೆ ಎತ್ತಿ ನೋಡಿದ್ದೇ ಚೌರಪ್ಪ ಹಿಂದೆ ಸರಿದ.

"ಇದೊಂದು ಉಳೀತು," ಎಂದು ಸಗಾಯಮ್ಮ ಹಳೆಯ ಗಂಟನ್ನು ಉಗುರಿನಿಂದ ಕೆದಕಿದಳು. "ಕಲ್ಲಾಗ್ಬಿಟ್ಟಿದೆ. ಕತ್ರಿ ಕೊಡ್ರಮ್ಮ ಯಾರಾದ್ರೂ."

"ಕತ್ರಿ ಬೇಡ," ಎಂದಳು ಜ್ಞಾನಮ್ಮ.

ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿದಳು. ಎಂದಿನ ಕಡೆಯಲ್ಲೇ ಬೆನ್ನು ಹಿಡಿಯಿತು. ಉಸಿರು ಬಿಗಿಹಿಡಿದು ಇನ್ನಷ್ಟು ಬಗ್ಗಿ, ಅಕ್ಕನ ಎದೆಯ ಮೇಲಿದ್ದ ಆ ಗಂಟನ್ನು ಹಲ್ಲಿನಲ್ಲಿ ಕಚ್ಚಿದಳು. ಸೋಪಿನ ರುಚಿ, ನೋವಿನೆಣ್ಣೆಯ ವಾಸನೆ. ಹಿಂದೆ ನಿಂತವರಿಗೆ ಅವಳ ಬಾಗಿದ ತಲೆ, ಅಲುಗುವ ಭುಜ ಮಾತ್ರ ಕಂಡವು.

"ನೋಡ್ರಮ್ಮ, ಅಕ್ಕಂಗೆ ಮುತ್ತು ಕೊಡ್ತಾವ್ಳೆ," ಎಂದು ಯಾರೋ ಸೆರಗು ಬಾಯಿಗೆ ಹಿಡಿದು ಅತ್ತರು. ಮೊಳೆ, ಸುತ್ತಿಗೆ ಹಿಡಿದು ಬಂದವನು ಅಲ್ಲೇ ನಿಂತ.

ಜ್ಞಾನಮ್ಮ ತಲೆ ಎತ್ತಲಿಲ್ಲ. ಅವಳ ಹಲ್ಲಿನ ನಡುವೆ ಒಂದೆಳೆ ಸಡಿಲವಾಗಿತ್ತು.