ಬಾಗಿಲಿಗೆ ಕಟ್ಟದ ಬೇವು

"ಸೊಪ್ಪು ಬಾಗಿಲಿಗೆ ಬೇಡ, ಒಳಗೇ ಇರ್ಲಿ. ನೀನು ಹೊರಟ ಮೇಲೆ ನೋಡ್ಕೊಳ್ಳೋಣ," ಎಂದು ಸುಮಿತ್ರಾ ಬೇವಿನ ಕೊಂಬೆಯನ್ನು ಮಗಳ ಹಾಸಿಗೆಯ ಕೆಳಗೆ ತುರುಕಿದಳು.

ಮೂರು ವರ್ಷದ ಪುಟ್ಟಿಗೆ ಮೈತುಂಬ ಸಿಡುಬಿನ ಅಮ್ಮ ಎದ್ದು ಅಂದಿಗೆ ಮೂರನೆಯ ದಿನ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವು ಕಟ್ಟಬೇಕು, ಆ ಮನೆಯಿಂದ ಯಾರೂ ಪ್ರಯಾಣ ಹೊರಡಬಾರದು. ಮೈಸೂರಿನಲ್ಲಾಗಿದ್ದರೆ ಸುಮಿತ್ರಾ ಎರಡನ್ನೂ ಮೀರುತ್ತಿರಲಿಲ್ಲ. ಮುಂಬೈ ಮಾಟುಂಗದ ಈ ಬಿಲ್ಡಿಂಗಿನಲ್ಲಿ ಬೇವು ಕಟ್ಟುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಮುನಿಸಿಪಾಲಿಟಿಯ ಗಾಡಿ ಬಂದು ಮಗುವನ್ನು ಸಿಡುಬಿನ ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತದೆ. ಹೋದ ತಿಂಗಳು ಕೆಳಗಿನ ಮಹಡಿಯಿಂದ ಹಾಗೆ ಹೋದ ಹುಡುಗಿ ತಿರುಗಿ ಬಂದಿರಲಿಲ್ಲ.

ಹೊರಡಬೇಕಾಗಿದ್ದ ಪಂಕಜಾ ಟ್ರಂಕಿನ ಮುಂದೆ ಕೂತೇ ಇದ್ದಳು. ಸಂಜೆ ನಾಲ್ಕಕ್ಕೆ ಹಡಗು. ಕಾಲೇಜಿನ ಹದಿನಾಲ್ಕು ಹುಡುಗಿಯರು ಯುರೋಪಿಗೆ ಹೊರಟಿದ್ದರು. ಇಟಲಿಯ ಜಿನೋವಾದಲ್ಲಿ ಇಳಿದರೆ ನಲವತ್ತು ದಿನಕ್ಕೆ ಆರು ದೇಶ. ಉಳಿಯುವುದು ಯೂತ್ ಹಾಸ್ಟೆಲುಗಳಲ್ಲಿ, ಒಂದೊಂದು ಕೋಣೆಗೆ ಇಪ್ಪತ್ತು ಮಂದಿ. ಎರಡು ವರ್ಷದಿಂದ ಅವಳಿಗೆ ಇದೇ ಜಪ. ಆ ಇಪ್ಪತ್ತು ಮಂದಿಯ ನೆನಪಾದಾಗಲೆಲ್ಲ ಇವತ್ತು ಮಡಿಸಿಟ್ಟ ಬಟ್ಟೆಯನ್ನು ಟ್ರಂಕಿನಿಂದ ಹೊರಗೆ ತೆಗೆದಿಡುತ್ತಿದ್ದಳು.

"ಚಿಕ್ಕಮ್ಮ, ನಾನು ಹೋಗಲ್ಲ. ರಾತ್ರಿಯೆಲ್ಲ ಪುಟ್ಟಿ ನನ್ನ ಮೈಮೇಲೇ ಮಲಗಿದ್ಲು."

"ನಿನಗೆ ವ್ಯಾಕ್ಸಿನೇಷನ್ ಆಗಿದೆ, ಸರ್ಟಿಫಿಕೇಟೂ ಇದೆ. ನೀನು ನಿಂತರೆ ಯಾಕೆ ನಿಂತೆ ಅಂತ ನಿಮ್ಮ ಟೀಚರು ಮನೆಗೇ ಬರ್ತಾರೆ. ಆಮೇಲೆ ಪುಟ್ಟಿ ನಂಗೆ ದಕ್ತಾಳೇನೇ?" ಸುಮಿತ್ರಾ ಅಳಲಿಲ್ಲ. ಅತ್ತಿದ್ದರೆ ಪಂಕಜಾಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಆಮೇಲಿನದೆಲ್ಲ ಓಟ. ಕಿಕ್ಕಿರಿದ ಲೋಕಲ್ಲಿನಲ್ಲಿ ಚಿಕ್ಕಪ್ಪ ಸೀತಾರಾಮ ಟ್ರಂಕು ಹೊತ್ತುಕೊಂಡೇ ನಿಂತರು. ಬಂದರಿನಲ್ಲಿ ಒಂದು ಕಾಗದಕ್ಕೆ ಠಸ್ಸೆ ಬಿದ್ದಿಲ್ಲವೆಂದರು. ಇಬ್ಬರೂ ಟ್ಯಾಕ್ಸಿ ಹಿಡಿದು ಫೋರ್ಟ್ ಬಡಾವಣೆಯ ಆಫೀಸಿಗೆ ಓಡಿದರು. ಅಲ್ಲಿ ಗುಮಾಸ್ತ ಊಟಕ್ಕೆ ಹೋಗಿದ್ದ. ಅವನು ಬರುವವರೆಗೆ ಕಾದು, ಠಸ್ಸೆ ಹಾಕಿಸಿಕೊಂಡು ಹಿಂದಿರುಗುವಾಗ ಮೂರು ಗಂಟೆ ಹೊಡೆಯಿತು. ಹಡಗು ತಪ್ಪಲಿ ಎಂದು ಪಂಕಜಾ ದೇವರಿಗೆ ಹರಕೆ ಹೊತ್ತಳು. ಮರುಗಳಿಗೆಯೇ ಡ್ರೈವರನಿಗೆ "ಜಲ್ದಿ, ಜಲ್ದಿ" ಎಂದಳು.

"ಬಂದರಲ್ಲಿ ಡಾಕ್ಟರು ಕೇಳ್ತಾರೆ. ನಿನಗೆ ಸರಿ ಕಂಡದ್ದು ಹೇಳಮ್ಮ. ನಾನೇನೂ ಹೇಳೋಲ್ಲ," ಎಂದರು ಸೀತಾರಾಮ, ಕಿಟಕಿಯ ಆಚೆ ನೋಡುತ್ತ. ಬೆಳಗಿನಿಂದ ಅವರು ಆಡಿದ ದೊಡ್ಡ ಮಾತು ಅದೊಂದೇ. ಟ್ರಂಕನ್ನು ತಾವು ಹೊತ್ತು, ಅದಕ್ಕಿಂತ ದೊಡ್ಡ ಹೊರೆಯನ್ನು ಹುಡುಗಿಯ ತಲೆಗೆ ಕಟ್ಟಿದರು, ಪುಣ್ಯಾತ್ಮ.

ಬಂದರಿನ ಡಾಕ್ಟರು ಸರ್ಟಿಫಿಕೇಟು ನೋಡಿ, ಕಣ್ಣೆತ್ತದೆ ಇಂಗ್ಲಿಷಿನಲ್ಲಿ ಕೇಳಿದರು: "ಮನೆಯಲ್ಲಿ ಯಾರಿಗಾದರೂ ಜ್ವರ? ಸಿಡುಬು?"

ಪುಟ್ಟಿಯನ್ನು ಗಾಡಿಗೆ ಹಾಕುವುದು ಪಂಕಜಾಳ ಕಣ್ಣಿಗೆ ಕಟ್ಟಿತು. ಡಾಕ್ಟರ ಹೆಗಲಾಚೆ ಬೆಳ್ಳಗೆ ನಿಂತಿದ್ದ ಹಡಗೂ ಕಂಡಿತು. ಎರಡರಲ್ಲಿ ಯಾವುದಕ್ಕಾಗಿ "ನೋ" ಎಂದೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಠಸ್ಸೆ ಬಿತ್ತು.

ಹಡಗಿನ ಕೆಳ ಅಂತಸ್ತಿನ ಕ್ಯಾಬಿನ್ನಿನಲ್ಲಿ ಆರು ಮಲಗುವ ಹಲಗೆಗಳು. ಗುಂಪಿನ ಹುಡುಗಿಯರೆಲ್ಲ ಮೇಲೆ ಡೆಕ್ಕಿಗೆ ಹೋಗಿದ್ದರು. ಎದುರಿನ ಹಲಗೆಯ ಮೇಲೆ ಇಳಕಲ್ ಸೀರೆಯ ಹೆಂಗಸೊಬ್ಬಳು ಕೂಸನ್ನು ತಟ್ಟುತ್ತ ಕೂತಿದ್ದಳು. ಟ್ರಂಕಿನ ಮೇಲಿನ ಹೆಸರು ಓದಿದವಳೇ ಅರಳಿದಳು.

"ಅಯ್ಯ, ಕನ್ನಡದಾಕಿ ಏನವಾ! ದೇವರು ಬಂದಂಗ ಬಂದಿ. ನಾನು ಚನ್ನವ್ವ, ಬೆಳಗಾವಿಯಾಕಿ. ಏಡನ್‌ದಾಗ ಇದರಪ್ಪ ಅಂಗಡಿ ಇಟ್ಟಾನ. ಇದರ ಮಾರಿ ಇನ್ನೂ ನೋಡಿಲ್ಲ."

"ಎಷ್ಟು ತಿಂಗಳು?" ಪಂಕಜಾ ತನ್ನ ಹಲಗೆಯ ಆಚೆ ತುದಿಗೆ ಸರಿದು ಕೂತಳು.

"ಮೂರು. ಸಣ್ಣದೈತಿ, ಸಿಡುಬಿನ ಸೂಜಿ ಬ್ಯಾಡ ಅಂತ ಡಾಕ್ಟರು ಬಿಟ್ರು. ತಗೋ, ಒಂದೀಟು ಹಿಡಿ. ಮುಂಬೈ ಕಣ್ಮರಿ ಆಗೋದ್ರಾಗ ಒಮ್ಮಿ ನೋಡಿ ಬರ್ತೀನಿ."

ಪಂಕಜಾ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು. "ಬೇಡ… ನನಗೆ… ನಮ್ಮ ಮನೇಲಿ…"

"ಎತ್ತಿಕೊಳ್ಳಾಕ ಬರಂಗಿಲ್ಲೇನು? ನಾಳೆ ಮದಿವಿ ಆದ್ರ ಏನ್ ಮಾಡ್ತೀ?" ಚನ್ನವ್ವ ನಕ್ಕು, ಕೂಸನ್ನು ಅವಳ ಮಡಿಲಲ್ಲಿ ಇಟ್ಟೇಬಿಟ್ಟು ಏಣಿಯತ್ತ ನಡೆದಳು.

ಮೇಲೆ ಹಡಗು ಕೂಗಿತು. ಕಾಲಡಿಯ ನೆಲ ಮೆಲ್ಲಗೆ ಅದುರತೊಡಗಿತು. ಕೂಸು ಬೆಚ್ಚಿ, ಅಳುವ ಮುಖ ಮಾಡಿ, ಪಂಕಜಾಳ ಸೆರಗಿನ ತುದಿಯನ್ನು ಎಳೆದು ಬಾಯಿಗೆ ಹಾಕಿಕೊಂಡು ಸುಮ್ಮನಾಯಿತು.